ಓದುಗರ ಪ್ರಶ್ನೆ: ಡ್ರಾಫ್ಟ್‌ನಲ್ಲಿ ಕೆಳಗೆ ಜಾರಿದವನು ತಪ್ಪಿತಸ್ಥ, ಮೇಲೆ ಬಂದವನು ನಿರ್ದೋಷಿ ಎಂದೇ?

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸುತ್ತು ಸುತ್ತಾಗಿ, ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. ಪ್ರತಿ ವರ್ಷ ಏಪ್ರಿಲ್ ಹತ್ತಿರವಾದಂತೆ ಎನ್‌ಎಫ್‌ಎಲ್ ನೋಡುವ ಕನ್ನಡಿಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತದೆ. ಜಾರ್ಜಿಯಾ ವಿಶ್ವವಿದ್ಯಾಲಯದ ಆಟಗಾರ ಜೇಲನ್ ಕಾರ್ಟರ್ ಮೇಲೆ ಕೇಸಿತ್ತು, ಆದರೂ 2023ರಲ್ಲಿ ಒಂಬತ್ತನೆಯವನಾಗಿ ಆಯ್ಕೆಯಾದ. ಅಂದರೆ ತಂಡಗಳು ಒಳಗೊಳಗೇ ತನಿಖೆ ಮಾಡಿಸಿ ಅವನದು ಏನೂ ತಪ್ಪಿಲ್ಲವೆಂದು ಕಂಡುಕೊಂಡಿರಬೇಕಲ್ಲವೇ, ತಪ್ಪಿದ್ದಿದ್ದರೆ ಇನ್ನೂ ಕೆಳಕ್ಕೆ ಹೋಗುತ್ತಿದ್ದನಲ್ಲವೇ ಎಂದು ಕೇಳುತ್ತಾರೆ. ಹಲವು ಸಲ ಬಿಡಿಬಿಡಿಯಾಗಿ ಉತ್ತರಿಸಿದ್ದೇನೆ. ಈ ಸಲ ಒಂದೇ ಕಡೆ, ಪೂರ್ತಿಯಾಗಿ ಬರೆದುಬಿಡುತ್ತೇನೆ.

ಚಿಕ್ಕ ಉತ್ತರ: ಅಲ್ಲ. ಡ್ರಾಫ್ಟ್‌ನ ಕ್ರಮಾಂಕ ತೀರ್ಪಲ್ಲ. ಅದು ಯಾರ ನಡತೆಗೂ ಕೊಟ್ಟ ಪ್ರಮಾಣಪತ್ರವಲ್ಲ.

ಮೊದಲು ಕಾರ್ಟರ್ ವಿಷಯದಲ್ಲಿ ನಡೆದದ್ದೇನು ಎಂಬುದನ್ನು ಸರಿಯಾಗಿ ತಿಳಿಯೋಣ. 2023ರ ಜನವರಿ 9ರಂದು ಜಾರ್ಜಿಯಾ ವಿಶ್ವವಿದ್ಯಾಲಯದ ತಂಡ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ (ಟಿಸಿಯು) ತಂಡವನ್ನು 65-7ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಜನವರಿ 14ರಂದು ಆ ವಿಶ್ವವಿದ್ಯಾಲಯವಿರುವ, ಅಮೆರಿಕದ ಅಥೆನ್ಸ್ ಊರಿನಲ್ಲಿ ವಿಜಯದ ಮೆರವಣಿಗೆ ನಡೆಯಿತು. ಅದೇ ರಾತ್ರಿ ಕಳೆದು 15ರ ನಸುಕು ಹರಿಯುವ ಮೊದಲೇ ಫೋರ್ಡ್ ಎಕ್ಸ್‌ಪೆಡಿಷನ್ ಎಂಬ ಒಂದು ದೊಡ್ಡ ಕಾರು ರಸ್ತೆ ಬಿಟ್ಟು ಹೋಗಿ ಕಂಬ, ಮರಗಳಿಗೆ ಅಪ್ಪಳಿಸಿತು. ತಂಡದ ಆಟಗಾರ ಡೆವಿನ್ ವಿಲಾಕ್ ಮತ್ತು ಆ ವಾಹನವನ್ನು ಓಡಿಸುತ್ತಿದ್ದ, ತಂಡದ ನೇಮಕಾತಿ ವಿಭಾಗದ ಯುವತಿ ಪ್ರಾಣ ಕಳೆದುಕೊಂಡರು; ಇನ್ನಿಬ್ಬರು ಗಾಯಗೊಂಡರು. ಅಪಘಾತಕ್ಕೆ ಸ್ವಲ್ಪ ಮುನ್ನ ಆ ವಾಹನದ ವೇಗ ಗಂಟೆಗೆ ಸುಮಾರು 104 ಮೈಲಿ, ಅಂದರೆ 165 ಕಿಲೋಮೀಟರಿಗೂ ಹೆಚ್ಚು ಎಂದು ಪೊಲೀಸರು ಲೆಕ್ಕ ಹಾಕಿದರು. ಕಾರ್ಟರ್ ಇದ್ದದ್ದು ಇನ್ನೊಂದು ವಾಹನದಲ್ಲಿ, ತನ್ನ ಜೀಪಿನಲ್ಲಿ. ಎರಡೂ ವಾಹನಗಳು ಒಂದನ್ನೊಂದು ಹಿಂದೆ ಹಾಕುತ್ತ, ಎದುರು ದಿಕ್ಕಿನ ಪಥಕ್ಕೂ ನುಗ್ಗುತ್ತ ಓಡಿದ್ದವು ಎಂಬುದು ಪೊಲೀಸರ ಆರೋಪ.

ಮಾರ್ಚ್ 1ರಂದು, ಡ್ರಾಫ್ಟ್‌ಗೆ ಮೊದಲು ಆಟಗಾರರನ್ನು ಪರೀಕ್ಷಿಸಲು ಇಂಡಿಯಾನಾಪೊಲಿಸ್‌ನಲ್ಲಿ ಲೀಗ್ ನಡೆಸುವ ಕಂಬೈನ್ ಎಂಬ ಶಿಬಿರದಲ್ಲಿ ಕಾರ್ಟರ್ ತಂಡಗಳ ಮುಂದೆ ಹಾಜರಾಗಬೇಕಿದ್ದ ಹೊತ್ತಿಗೇ, ಅವನ ಮೇಲೆ ವಾರಂಟ್ ಹೊರಟಿತು. ಆರೋಪಗಳು ಎರಡು: ಅಜಾಗರೂಕ ಚಾಲನೆ ಮತ್ತು ರಸ್ತೆಯಲ್ಲಿ ರೇಸ್. ಎರಡೂ ಮಿಸ್‌ಡಿಮೀನರ್, ಅಂದರೆ ಫೆಲನಿ ಎನ್ನುವ ಗಂಭೀರ ಅಪರಾಧಗಳಿಗಿಂತ ಕೆಳಗಿನ ದರ್ಜೆಯವು. ಅವನು ಅಥೆನ್ಸ್‌ಗೆ ಹೋಗಿ ಶರಣಾಗಿ, ಜಾಮೀನು ಪಡೆದು, ಇಂಡಿಯಾನಾಪೊಲಿಸ್‌ಗೆ ಮರಳಿದ. ಮಾರ್ಚ್ 16ರಂದು ಅವನ ಪರವಾಗಿ ‘ನೋ ಕಾಂಟೆಸ್ಟ್’ ಎಂಬ ಹೇಳಿಕೆ ದಾಖಲಾಯಿತು. 12 ತಿಂಗಳ ಪ್ರೊಬೇಷನ್ (ಜೈಲಿನ ಹೊರಗೆ ನಿಗಾದಲ್ಲಿರುವುದು), 1,000 ಡಾಲರ್ ದಂಡ, 80 ಗಂಟೆ ಸಮುದಾಯ ಸೇವೆ ಮತ್ತು ಸುರಕ್ಷಿತ ಚಾಲನೆಯ ತರಬೇತಿ ಅವನಿಗೆ ವಿಧಿಸಿದ ಶಿಕ್ಷೆ.

‘ನೋ ಕಾಂಟೆಸ್ಟ್’ ಎಂದರೆ ಖುಲಾಸೆ ಎಂದುಕೊಂಡವರು ಬಹಳ ಜನ. ಅದು ಖುಲಾಸೆಯಲ್ಲ. ತಪ್ಪು ಮಾಡಿದೆನೆಂದು ಬಾಯಿಬಿಟ್ಟು ಒಪ್ಪುವುದಿಲ್ಲ, ಆದರೆ ಆರೋಪವನ್ನು ಎದುರಿಸಿ ವಾದವನ್ನೂ ಮಾಡುವುದಿಲ್ಲ, ನ್ಯಾಯಾಲಯ ಶಿಕ್ಷೆ ಕೊಡಲಿ ಎಂಬುದು ಅದರ ಅರ್ಥ. ಹಾಗೆಯೇ, ಕಾರ್ಟರ್ ಇಬ್ಬರನ್ನು ಕೊಂದ ಎಂದು ಬರೆಯುವವರೂ ತಪ್ಪು. ಸಾವಿಗೆ ಹೊಣೆ ಹೊರಿಸುವ ಯಾವ ಆರೋಪವೂ ಅವನ ಮೇಲೆ ಬರಲಿಲ್ಲ. ಅಪ್ಪಳಿಸಿದ ವಾಹನ ಅವನದಲ್ಲ, ಅದನ್ನು ಓಡಿಸುತ್ತಿದ್ದವನೂ ಅವನಲ್ಲ.

ಇನ್ನು ಡ್ರಾಫ್ಟ್‌ನ ಕ್ರಮಾಂಕವೇ ತೀರ್ಪು ಎಂಬ ನಂಬಿಕೆ. ಎಷ್ಟು ಸಲ ಹೇಳಿದರೂ ಸಾಯದ ನಂಬಿಕೆ ಇದು. ಇದನ್ನು ಪರೀಕ್ಷಿಸಲು ಕಷ್ಟದ ಲೆಕ್ಕವೇನೂ ಬೇಡ, ಇಬ್ಬರು ಆಟಗಾರರನ್ನು ಪಕ್ಕಪಕ್ಕ ನಿಲ್ಲಿಸಿದರೆ ಸಾಕು.

ಮೊದಲನೆಯವನು ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಲಯೆಲ್ ಕಾಲಿನ್ಸ್. 2015ರಲ್ಲಿ ಮೊದಲ ಸುತ್ತಿನಲ್ಲೇ ಹೋಗುತ್ತಾನೆಂದು ಎಲ್ಲರೂ ಎಣಿಸಿದ್ದ ಆಟಗಾರ. ಡ್ರಾಫ್ಟ್‌ಗೆ ವಾರವಿರುವಾಗ ಬ್ಯಾಟನ್ ರೂಜ್‌ನಲ್ಲಿ ಅವನಿಗೆ ಪರಿಚಯವಿದ್ದ ಮಹಿಳೆಯೊಬ್ಬರ ಕೊಲೆಯಾಯಿತು. ಪೊಲೀಸರು ಅವನನ್ನು ಮಾತನಾಡಿಸಬೇಕೆಂದರು. ಶಂಕಿತನಲ್ಲ ಎಂದೂ ಆಗಲೇ ಹೇಳಿದರು. ಆದರೆ ಆ ಮಾತುಕತೆ ನಡೆದದ್ದು ಡ್ರಾಫ್ಟ್ ಮುಗಿದ ಮೇಲೆ. ಮುಖ್ಯ ಡ್ರಾಫ್ಟ್ ಆದ ಮೇಲೆ ನಡೆಯುವ ಚಿಕ್ಕ ಪೂರಕ ಡ್ರಾಫ್ಟ್‌ಗೆ ಹೋಗಲು ಬಿಡಿ ಎಂದು ಅವನು ಕೇಳಿಕೊಂಡದ್ದನ್ನು ಲೀಗ್ ಒಪ್ಪಲಿಲ್ಲ. ಏಳು ಸುತ್ತು, 256 ಹೆಸರುಗಳು, ಅವುಗಳಲ್ಲಿ ಅವನದಿಲ್ಲ. ಅವನ ಮೇಲೆ ಯಾವ ಆರೋಪವೂ ಬರಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ. ಮೇ 7ರಂದು ಡಲ್ಲಸ್ ಕೌಬಾಯ್ಸ್ ಜತೆ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ. ಮೊದಲ ಸುತ್ತಿನಲ್ಲಿ ಹೋಗಿದ್ದರೆ ಸಿಗುತ್ತಿದ್ದ ಹಣದ ಒಂದು ತುಣುಕು ಮಾತ್ರ ಅವನಿಗೆ ದಕ್ಕಿತು.

ಎರಡನೆಯವನು ಕಾರ್ಟರ್. ನ್ಯಾಯಾಲಯ ಶಿಕ್ಷೆ ಕೊಟ್ಟ ಆರು ವಾರಗಳಲ್ಲಿ ಒಂಬತ್ತನೆಯ ಆಯ್ಕೆ.

ಕ್ರಮಾಂಕವೇ ತೀರ್ಪಾದರೆ ಕಾಲಿನ್ಸ್ ಮಹಾ ಅಪರಾಧಿ, ಕಾರ್ಟರ್ ಬಹುಮಟ್ಟಿಗೆ ನಿರ್ದೋಷಿ ಎನ್ನಬೇಕಾಗುತ್ತದೆ. ನ್ಯಾಯಾಲಯದ ದಾಖಲೆ ಹೇಳುವುದು ಇದಕ್ಕೆ ನೇರ ವಿರುದ್ಧ.

ಹಾಗಾದರೆ ಕ್ರಮಾಂಕ ಅಳೆಯುವುದೇನನ್ನು? ಬಹುಪಾಲು ಅದು ಅಳೆಯುವುದು ಅನಿಶ್ಚಿತತೆಯನ್ನು. ಡ್ರಾಫ್ಟ್‌ಗೆ ಒಂದು ತಾರೀಖಿದೆ, ಪೊಲೀಸ್ ತನಿಖೆಗೆ ತಾರೀಖಿಲ್ಲ. ಕಾರ್ಟರ್ ಪ್ರಕರಣ ಮಾರ್ಚ್‌ನಲ್ಲೇ ಮುಗಿಯಿತು. ಪ್ರೊಬೇಷನ್ ಎಷ್ಟು ತಿಂಗಳು, ದಂಡವೆಷ್ಟು, ಸೆಪ್ಟೆಂಬರ್‌ನಲ್ಲಿ ಅವನು ಮೈದಾನದಲ್ಲಿರುತ್ತಾನೆಯೇ ಎಂಬುದೆಲ್ಲ ತಂಡಗಳ ಕೈಯಲ್ಲಿ ಬರಹದಲ್ಲಿತ್ತು. ಕಾಲಿನ್ಸ್ ವಿಷಯದಲ್ಲಿ ಡ್ರಾಫ್ಟ್ ನಡೆದ ಆ ಮೂರು ದಿನ ಯಾರ ಕೈಯಲ್ಲೂ ಏನೂ ಇರಲಿಲ್ಲ. ತಂಡಗಳು ಹೆದರಿದ್ದು ಅವನ ನಡತೆಗಲ್ಲ, ನಾಳೆ ಬೆಳಿಗ್ಗೆ ಯಾವ ಸುದ್ದಿ ಬರುತ್ತದೋ ಎಂಬುದಕ್ಕೆ.

ಕಾಲಿನ್ಸ್ ಹೆಸರು ಕೊನೆಯ ಸುತ್ತುಗಳಲ್ಲೂ ಬರದಿದ್ದುದಕ್ಕೆ ಇನ್ನೊಂದು ಕಾರಣವಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಆಯ್ಕೆಯಾದವನು ಆರಿಸಿದ ತಂಡಕ್ಕೇ ಕಟ್ಟುಬೀಳುತ್ತಾನೆ, ನಾಲ್ಕು ವರ್ಷದ ಒಪ್ಪಂದದ ಮೊತ್ತವನ್ನೂ ಕ್ರಮಾಂಕವೇ ಹೆಚ್ಚುಕಡಿಮೆ ನಿರ್ಧರಿಸಿಬಿಡುತ್ತದೆ. ಯಾರೂ ಆರಿಸದಿದ್ದವನಿಗೆ ತನಗೆ ಬೇಕಾದ ತಂಡವನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಉಳಿಯುತ್ತದೆ. ಕೊನೆಯ ಸುತ್ತುಗಳಲ್ಲಿ ಆರಿಸಿದರೆ ಸಹಿ ಹಾಕದೆ ಮುಂದಿನ ವರ್ಷದ ಡ್ರಾಫ್ಟ್‌ಗೆ ಕಾಯುತ್ತಾನೆ ಎಂದು ಕಾಲಿನ್ಸ್‌ನ ಏಜೆಂಟರು ತಂಡಗಳಿಗೆ ಮೊದಲೇ ತಿಳಿಸಿದ್ದರು. ಐಪಿಎಲ್ ಹರಾಜಿನಲ್ಲಿ ಯಾರೂ ಕೂಗದೆ ಉಳಿದುಹೋಗುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ‘ಆಯ್ಕೆಯಾಗಲಿಲ್ಲ’ ಎಂಬ ಒಂದು ಪದದ ಹಿಂದೆ ಭಯವೂ ಇತ್ತು, ಲೆಕ್ಕಾಚಾರವೂ ಇತ್ತು. ತೀರ್ಪು ಮಾತ್ರ ಇರಲಿಲ್ಲ.

ಇದಿಷ್ಟು ಓದಿಯೂ, ತನಿಖೆ ಬಾಕಿಯಿದ್ದರೆ ಯಾರೂ ಆರಿಸುವುದಿಲ್ಲ ಎಂದು ಹೊಸ ನಿಯಮ ಕಟ್ಟಿಕೊಳ್ಳಬೇಡಿ. 2017ರಲ್ಲಿ ಒಹಾಯೊ ಸ್ಟೇಟ್‌ನ ಗ್ಯಾರಿಯನ್ ಕಾನ್ಲಿ ಮೇಲೆ ಅತ್ಯಾಚಾರದ ದೂರು ಸುದ್ದಿಯಾದದ್ದು ಡ್ರಾಫ್ಟ್‌ಗೆ ಎರಡು ದಿನ ಇದ್ದಾಗ. ಆದರೂ ಓಕ್‌ಲೆಂಡ್ ರೈಡರ್ಸ್ ಅವನನ್ನು 24ನೆಯವನಾಗಿ ಆರಿಸಿತು. ಜುಲೈ ಕೊನೆಯಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ಹೂಡಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ, ಆರೋಪ ಹೊರಿಸಲು ನಿರಾಕರಿಸಿತು. 2025ರಲ್ಲಿ ಟೆಕ್ಸಸ್‌ನ ಐಸಯಾ ಬಾಂಡ್ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂದು ಏಪ್ರಿಲ್‌ನಲ್ಲಿ ಬಂಧನವಾಯಿತು. ಅವನನ್ನು ಯಾರೂ ಆರಿಸಲಿಲ್ಲ. ಆಗಸ್ಟ್‌ನಲ್ಲಿ ಗ್ರ್ಯಾಂಡ್ ಜ್ಯೂರಿ ಅಲ್ಲೂ ಆರೋಪ ಹೊರಿಸಲಿಲ್ಲ, ಕ್ಲೀವ್‌ಲೆಂಡ್ ಬ್ರೌನ್ಸ್ ಅವನನ್ನು ಸೇರಿಸಿಕೊಂಡಿತು. ಕೊನೆಗೆ ಇಬ್ಬರ ಮೇಲೂ ಆರೋಪಪಟ್ಟಿ ಇಲ್ಲ. ಡ್ರಾಫ್ಟ್‌ನಲ್ಲಿ ಮಾತ್ರ ಒಬ್ಬನಿಗೆ 24ನೆಯ ಸ್ಥಾನ, ಇನ್ನೊಬ್ಬನಿಗೆ ಸ್ಥಾನವೇ ಇಲ್ಲ. ಲೀಗ್‌ನಲ್ಲಿ 32 ತಂಡಗಳಿವೆ. 31 ತಂಡಗಳು ಬೇಡವೆಂದರೂ ಒಂದು ಬೇಕೆಂದರೆ ಸಾಕು, ಆಟಗಾರ ಆಯ್ಕೆಯಾಗುತ್ತಾನೆ. ಆ ಒಂದು ತಂಡದ ಅಗತ್ಯ, ಧೈರ್ಯ ಅಥವಾ ಆತುರವನ್ನು ಇಡೀ ಲೀಗ್‌ನ ನೈತಿಕ ನಿರ್ಣಯವೆಂದು ಓದುವುದು ಸರಿಯಲ್ಲ.

ತಪ್ಪು ಸಾಬೀತಾದವರ ಕಡೆಯಿಂದ ನೋಡಿದರೂ ಅಷ್ಟೇ. ಟೈರೀಕ್ ಹಿಲ್ ಗರ್ಭಿಣಿ ಸಂಗಾತಿಯ ಮೇಲೆ ಹಲ್ಲೆ ಮಾಡಿ, ಕತ್ತು ಹಿಸುಕಿದ ಪ್ರಕರಣದಲ್ಲಿ 2015ರಲ್ಲಿ ತಪ್ಪೊಪ್ಪಿಕೊಂಡ. 2016ರಲ್ಲಿ ಕ್ಯಾನ್ಸಸ್ ಸಿಟಿ ಅವನನ್ನು ಐದನೆಯ ಸುತ್ತಿನಲ್ಲಿ, 165ನೆಯವನಾಗಿ ಆರಿಸಿತು. ಜೋ ಮಿಕ್ಸನ್ 2014ರಲ್ಲಿ ಓಕ್ಲಹೋಮಾದ ನಾರ್ಮನ್‌ನಲ್ಲಿ ಯುವತಿಯೊಬ್ಬಳ ಮುಖಕ್ಕೆ ಗುದ್ದಿ ದವಡೆ, ಕೆನ್ನೆಯ ಮೂಳೆಗಳನ್ನು ಮುರಿದಿದ್ದ. ಸುದ್ದಿ ಆಗಲೇ ಎಲ್ಲರಿಗೂ ಗೊತ್ತಿತ್ತು. ಅದರ ವಿಡಿಯೊ ಸಾರ್ವಜನಿಕವಾದದ್ದು 2016ರ ಡಿಸೆಂಬರ್‌ನಲ್ಲಿ. ಅವನು ಮಾಡಿದ್ದು ಬದಲಾಗಿರಲಿಲ್ಲ, ಗಾಯಗಳೂ ಅವೇ. ಬದಲಾದದ್ದು ಜನ ಅದನ್ನು ಕಣ್ಣಾರೆ ನೋಡಿದರೆಂಬುದು. ಕೆಲವು ತಂಡಗಳು ಅವನ ಹೆಸರನ್ನೇ ಪಟ್ಟಿಯಿಂದ ತೆಗೆದವು. ಸಿನ್ಸಿನಾಟಿ ಎರಡನೆಯ ಸುತ್ತಿನಲ್ಲಿ, 48ನೆಯವನಾಗಿ ಆರಿಸಿತು. ನ್ಯಾಯವನ್ನು ಡ್ರಾಫ್ಟ್‌ನ ಪಟ್ಟಿಯಲ್ಲಿ ಹುಡುಕುವವರು ಈ ಒಂದು ಉದಾಹರಣೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ಕೋರಿಕೆ. ಆ ಯುವತಿಯ ದವಡೆ ಮುರಿದದ್ದು ವಿಡಿಯೊ ಬಂದ ದಿನವಲ್ಲ.

ಮಿಕ್ಸನ್‌ಗೆ ಕಂಬೈನ್‌ಗೆ ಕರೆ ಬರಲಿಲ್ಲ, ಅದು ಶಿಕ್ಷೆಯಲ್ಲವೇ ಎಂದು ಕೇಳುವವರಿದ್ದಾರೆ. ಹಿಂಸೆ, ಲೈಂಗಿಕ ಅಪರಾಧ, ಆಯುಧ ಬಳಕೆಯಂಥ ಪ್ರಕರಣಗಳಲ್ಲಿ ದೋಷಿಯಾದವರನ್ನು ಕಂಬೈನ್‌ಗೆ ಕರೆಯಬಾರದೆಂದು 2016ರಲ್ಲಿ ಲೀಗ್ ನಿಯಮ ಮಾಡಿತು. ಆದರೆ ಅದು ಡ್ರಾಫ್ಟ್‌ಗೆ ಅನ್ವಯಿಸದು. ಇಂಡಿಯಾನಾಪೊಲಿಸ್‌ನ ಬಾಗಿಲು ಮುಚ್ಚಿದರೂ ತಂಡಗಳು ಅವನಿದ್ದಲ್ಲಿಗೇ ಹೋಗಿ ನೋಡಬಹುದು, ನೋಡಿದವು ಕೂಡ.

ಇಲ್ಲಿಯವರೆಗೆ ಬಂದ ಮೇಲೆ, ಯಾರೂ ನೇರವಾಗಿ ಕೇಳದ, ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಉಳಿಯುತ್ತದೆ. ತಂಡಗಳಿಗಾಗಿ ಆಟಗಾರರನ್ನು ನೋಡಿ ಅಳೆಯುವ ಸ್ಕೌಟ್‌ಗಳ ವರದಿಗಳಲ್ಲಿ ‘ಕ್ಯಾರೆಕ್ಟರ್’ ಎಂಬ ಪದಕ್ಕೆ ನಿಜವಾಗಿ ಅರ್ಥವೇನು?

ಕನ್ನಡದಲ್ಲಿ ನಾವು ನಡತೆ, ಗುಣ, ಚಾರಿತ್ರ್ಯ ಎಂದು ಬೇರೆ ಬೇರೆ ಪದಗಳನ್ನು ಇಟ್ಟುಕೊಂಡಿದ್ದೇವೆ. ಒಬ್ಬನ ನಡತೆ ಕೆಟ್ಟಿತು ಎನ್ನುವುದಕ್ಕೂ ಅವನ ಗುಣವೇ ಕೆಟ್ಟದ್ದು ಎನ್ನುವುದಕ್ಕೂ ಇರುವ ಅಂತರ ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ. ಡ್ರಾಫ್ಟ್‌ನ ಭಾಷೆಯಲ್ಲಿ ಈ ಎಲ್ಲವೂ ಒಂದೇ ಚೀಲದಲ್ಲಿ ಬೀಳುತ್ತವೆ. ಮಾರ್ಚ್ 15ರಂದು, ಅಂದರೆ ನ್ಯಾಯಾಲಯದ ಪ್ರಕರಣ ಮುಗಿಯುವುದಕ್ಕೆ ಒಂದು ದಿನ ಮೊದಲು, ಕಾರ್ಟರ್ ಅಥೆನ್ಸ್‌ನಲ್ಲಿ ತನ್ನ ಪ್ರೊ ಡೇಗೆ, ಅಂದರೆ ತಂಡಗಳ ಮುಂದೆ ವಿಶ್ವವಿದ್ಯಾಲಯದಲ್ಲೇ ನಡೆಯುವ ಕಸರತ್ತಿನ ಪ್ರದರ್ಶನಕ್ಕೆ, ಬಂದ. ತಕ್ಕಡಿ ತೋರಿಸಿದ್ದು 323 ಪೌಂಡ್. ಎರಡು ವಾರದ ಹಿಂದೆ ಕಂಬೈನ್‌ನಲ್ಲಿ ತೂಗಿದ್ದಕ್ಕಿಂತ ಒಂಬತ್ತು ಪೌಂಡ್ ಹೆಚ್ಚು. ಕಸರತ್ತುಗಳ ನಡುವೆ ದಣಿದು, ಕೊನೆಯವರೆಗೆ ಮುಗಿಸಲಾಗಲಿಲ್ಲ. ಮರುದಿನ ಟಿವಿಯಲ್ಲಿ, ಪತ್ರಿಕೆಗಳಲ್ಲಿ ‘ಕ್ಯಾರೆಕ್ಟರ್’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಆ ಒಂಬತ್ತು ಪೌಂಡೂ ಬಂತು, ಇಬ್ಬರು ಸತ್ತ ರಾತ್ರಿಯೂ ಬಂತು. ತೂಕ ಹೆಚ್ಚಿಸಿಕೊಂಡದ್ದು ತಯಾರಿಯ ಕೊರತೆ. ಗೆಳೆಯರ ವಾಹನದ ಜತೆ ಕತ್ತಲ ರಸ್ತೆಯಲ್ಲಿ ಪಂದ್ಯಕ್ಕಿಳಿದದ್ದು ಬೇರೆಯೇ ತೂಕದ ಮಾತು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದಾಗ ಚಿಕ್ಕದು ದೊಡ್ಡದಾಗುತ್ತದೆ, ದೊಡ್ಡದು ಚಿಕ್ಕದಾಗುತ್ತದೆ, ವಿಲಾಕ್ ಎಂಬ ಹುಡುಗನ ಸಾವು ಇನ್ನೊಬ್ಬನ ಕ್ರಮಾಂಕದ ಅಡಿಟಿಪ್ಪಣಿಯಾಗುತ್ತದೆ. ನನಗೆ ನಿಜವಾಗಿ ನೋವಾಗುವುದು ಇಲ್ಲಿ.

ಈ ‘ಕ್ಯಾರೆಕ್ಟರ್’ ಅನ್ನು ತಂಡಗಳು ಅಳೆಯುವ ಬಗೆಯೂ ಹಾಗೆಯೇ ಮಸುಕು. ಕಂಬೈನ್‌ನಲ್ಲಿ ಒಬ್ಬ ಆಟಗಾರನೊಂದಿಗೆ ಒಂದು ತಂಡ ಕುಳಿತು ಮಾತನಾಡುವುದು ಹದಿನೈದು ಇಪ್ಪತ್ತು ನಿಮಿಷ. ಡ್ರಾಫ್ಟ್‌ಗೆ ಮೊದಲಿನ ಇಂಥ ಮಾತುಕತೆಗಳಲ್ಲಿ ಏನೇನು ಕೇಳಿದ್ದಾರೆಂಬುದಕ್ಕೆ ಆಟಗಾರ ಡೆಜ್ ಬ್ರಯಂಟ್ ಸಾಕ್ಷಿ. 2010ರಲ್ಲಿ ಮಯಾಮಿ ಡಾಲ್ಫಿನ್ಸ್‌ನ ಜನರಲ್ ಮ್ಯಾನೇಜರ್ ಜೆಫ್ ಐರ್ಲೆಂಡ್ ಡ್ರಾಫ್ಟ್‌ಗೆ ಮೊದಲಿನ ಸಂದರ್ಶನದಲ್ಲಿ ಅವನ ತಾಯಿಯ ಬಗ್ಗೆ ಅತ್ಯಂತ ಅವಮಾನಕರವಾದ ಪ್ರಶ್ನೆ ಕೇಳಿ, ಅದು ಬಹಿರಂಗವಾದ ಮೇಲೆ ಕ್ಷಮೆ ಕೋರಿದರು. ತಾಯಿಯ ಹೆಸರೆತ್ತಿ ಮಗನ ಗುಣ ಅಳೆಯಹೊರಟವರ ನಡತೆಯನ್ನು ಅಳೆಯುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಘನತೆಗೆ ಕುಂದು ತರುವ ಪ್ರಶ್ನೆ ಕೇಳಿದ ತಂಡ ಕನಿಷ್ಠ 1,50,000 ಡಾಲರ್ ದಂಡ ತೆರಬೇಕಾಗಬಹುದು, ಒಂದು ಡ್ರಾಫ್ಟ್ ಆಯ್ಕೆಯನ್ನೂ ಕಳೆದುಕೊಳ್ಳಬಹುದು ಎಂದು ಲೀಗ್ ಬರಹದಲ್ಲಿ ಎಚ್ಚರಿಸಿದ್ದು 2022ರಲ್ಲಿ.

ಹೆಚ್ಚು ನಂಬಬಹುದಾದ ದಾರಿ ಹಳೆಯದೇ: ಒಬ್ಬನನ್ನು ದಿನವೂ ನೋಡಿದವರನ್ನು ಕೇಳುವುದು. ಕಾರ್ಟರ್‌ನ ಏಜೆಂಟ್ ಡ್ರೂ ರೋಸೆನ್‌ಹಾಸ್ ಆ ವಸಂತದಲ್ಲಿ, ಮೊದಲ ಹತ್ತು ಆಯ್ಕೆಗಳೊಳಗಿನ ತಂಡಗಳನ್ನಲ್ಲದೆ ಬೇರಾರನ್ನೂ ತನ್ನ ಆಟಗಾರ ಭೇಟಿಯಾಗುವುದಿಲ್ಲವೆಂದು ಹೇಳಿದ್ದರು. ಹತ್ತನೆಯ ಆಯ್ಕೆ ಫಿಲಡೆಲ್ಫಿಯಾ ಈಗಲ್ಸ್‌ನದು. ಜಾರ್ಜಿಯಾದಲ್ಲಿ ಕಾರ್ಟರ್ ಜತೆ ಆಡಿದ್ದ ಜೋರ್ಡನ್ ಡೇವಿಸ್, ನಕೋಬಿ ಡೀನ್ ಇಬ್ಬರನ್ನೂ ಆ ತಂಡ 2022ರಲ್ಲೇ ಆರಿಸಿಕೊಂಡಿತ್ತು; ಅವನನ್ನು ದಿನವೂ ನೋಡಿದವರು ತಂಡದೊಳಗೇ ಇದ್ದರು. 2023ರ ಏಪ್ರಿಲ್ 27ರ ರಾತ್ರಿ ಈಗಲ್ಸ್ ತನ್ನ ಸರದಿಗಾಗಿ ಕಾಯಲಿಲ್ಲ. ಶಿಕಾಗೊ ತಂಡಕ್ಕೆ ಮುಂದಿನ ವರ್ಷದ ನಾಲ್ಕನೆಯ ಸುತ್ತಿನ ಆಯ್ಕೆಯೊಂದನ್ನು ಕೊಟ್ಟು ಒಂದು ಸ್ಥಾನ ಮೇಲೆ ಬಂದು ಕಾರ್ಟರ್ ಹೆಸರನ್ನು ಕೂಗಿಸಿತು. ಅದೇ ರಾತ್ರಿ, 30ನೆಯ ಆಯ್ಕೆಯಲ್ಲಿ, ಅದೇ ಜಾರ್ಜಿಯಾ ತಂಡದಿಂದ ನೋಲನ್ ಸ್ಮಿತ್‌ನನ್ನೂ ಕರೆತಂದಿತು.