ಕಿಡಿಯಿಲ್ಲದ ಇಂಜಿನ್ ಮತ್ತು ನಾಲ್ಕು ತಿಂಗಳ ಮಳೆ

ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದು ಎರಡನೆಯದಾದ ಸುಗ್ಗಿ ಬೆಳೆಗೆ ಗದ್ದೆ ಹದ ಮಾಡುವ ಹೊತ್ತಿಗೆ ಸರಿಯಾಗಿ, ಉಡುಪಿ ಬಳಿಯ ಕಲ್ಯಾಣಪುರದ ಬೈಲಿನಲ್ಲಿರುವ ನಮ್ಮ ಹಳೆಯ ಟ್ರ್ಯಾಕ್ಟರ್ ಮುನಿಸಿಕೊಳ್ಳುತ್ತದೆ. ಜೂನ್ ತಿಂಗಳಲ್ಲಿ ಕಬ್ಬಿಣದ ಚಕ್ರ ಕಟ್ಟಿಕೊಂಡು ಕೆಸರಿನಲ್ಲಿ ದುಡಿದ ಯಂತ್ರವು ಆ ಬಳಿಕ ಕೊಟ್ಟಿಗೆಯ ಪಕ್ಕದ ತಗಡಿನ ಮಾಡಿನಡಿ ಮಳೆಗಾಲವಿಡೀ ನಿಂತಿರುತ್ತದೆ. ಅಕ್ಟೋಬರಿನಲ್ಲಿ ಕೀಲಿ ತಿರುಗಿಸಿದರೆ ಸೆಲ್ಫ್ (ಇಂಜಿನ್ನನ್ನು ಮೊದಲು ತಿರುಗಿಸುವ ಬ್ಯಾಟರಿ ಮೋಟಾರು) ಎಳೆಯುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ನೋಡಲು ಬಂದವರಲ್ಲಿ ಒಬ್ಬರಾದರೂ ‘ಪ್ಲಗ್ ಬಿಚ್ಚಿ ಉಜ್ಜಿ ನೋಡಿ’ ಎನ್ನುತ್ತಾರೆ. ಬೈಕಿನ ಮಟ್ಟಿಗೆ ಅದು ಒಳ್ಳೆಯ ಸಲಹೆಯೇ; ಆದರೆ ಡೀಸೆಲ್ ಟ್ರ್ಯಾಕ್ಟರಿನಲ್ಲಿ ಬಿಚ್ಚುವುದಕ್ಕೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಎಂಬುದೇ ಇಲ್ಲ.

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಇಂಜಿನ್ನಿನಲ್ಲಿ ಬೆಂಕಿ ಹುಟ್ಟುವುದು ಗಾಳಿಯನ್ನು ಒತ್ತುವುದರಿಂದ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲ ಮುಟ್ಟಿ ನೋಡಿದ್ದೇವೆ. ಟ್ರ್ಯಾಕ್ಟರಿನ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಿದಾಗ ಅದೇ ಗಾಳಿಯು ಮೊದಲಿನ ಜಾಗದ ಹದಿನಾರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಒಂದಿಷ್ಟೂ ಶಾಖ ಸೋರದಿದ್ದರೆ 30 ಡಿಗ್ರಿಯ ಗಾಳಿ 600 ಡಿಗ್ರಿ ಸೆಲ್ಸಿಯಸ್ ದಾಟಬೇಕೆಂದು ಲೆಕ್ಕ ಹೇಳುತ್ತದೆ. ಶಾಖವೂ ಗಾಳಿಯೂ ಸ್ವಲ್ಪ ಸೋರುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಕಡಿಮೆ. ಆ ಕ್ಷಣಕ್ಕೆ ನಾಜಲ್‌ನಿಂದ ಮಂಜಿನಂತೆ ಸಿಡಿಯುವ ಡೀಸೆಲ್‌ಗೆ ತಾನಾಗಿಯೇ ಹೊತ್ತಿಕೊಳ್ಳಲು 200 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಶಾಖವಿದ್ದರೆ ಸಾಕು. ಆದ್ದರಿಂದ ‘ಇಂಜಿನ್ ಏಕೆ ಹಿಡಿಯುತ್ತಿಲ್ಲ’ ಎಂಬ ಪ್ರಶ್ನೆ ಡೀಸೆಲ್ ಟ್ರ್ಯಾಕ್ಟರಿನಲ್ಲಿ ಎರಡಾಗಿ ಒಡೆಯುತ್ತದೆ: ಒಳಗೆ ಡೀಸೆಲ್ ತಲುಪುತ್ತಿಲ್ಲವೋ, ತಲುಪಿದರೂ ಗಾಳಿ ಸಾಕಷ್ಟು ಕಾಯುತ್ತಿಲ್ಲವೋ?

ಇದನ್ನು ತಿಳಿಯಲು ಸ್ಪ್ಯಾನರ್ ಬೇಕಾಗಿಲ್ಲ. ಒಬ್ಬರು ಸೆಲ್ಫ್ ಕೊಡುತ್ತಿರುವಾಗ ಇನ್ನೊಬ್ಬರು ಸೈಲೆನ್ಸರಿನ ಬಾಯಿ ನೋಡಬೇಕು. ಬೆಳ್ಳಗಿನ, ಕಣ್ಣು ಉರಿಸುವ ಹೊಗೆ ಬರುತ್ತಿದ್ದರೆ ಅದು ಸುಡದೆ ಆವಿಯಾದ ಡೀಸೆಲ್. ಅಂದರೆ ಇಂಧನ ಬಂದಿದೆ, ಶಾಖ ಸಾಲುತ್ತಿಲ್ಲ. ಹೊಗೆಯ ಎಳೆಯೂ ಕಾಣದಿದ್ದರೆ ಡೀಸೆಲ್ ಸಿಲಿಂಡರನ್ನು ಮುಟ್ಟಿಯೇ ಇಲ್ಲ. ಇಷ್ಟನ್ನು ನೋಡದೆ ನೇರವಾಗಿ ನಾಜಲ್‌ಗೆ ಡೀಸೆಲ್ ತಳ್ಳುವ ಪಂಪ್ ಬಿಚ್ಚಿ ಉಡುಪಿಗೆ ರಿಪೇರಿಗೆ ಕೊಂಡೊಯ್ದು, ದುಡ್ಡು ಸುರಿದು, ಅದೇ ದೋಷವನ್ನು ಮರಳಿ ಮನೆಗೆ ತಂದವರನ್ನು ನಾನು ಬಲ್ಲೆ. ಒಂದು ವರ್ಷ ಅವರಲ್ಲಿ ನಾನೂ ಒಬ್ಬನಾಗಿದ್ದೆ.

ಮೊದಲು ಬಿಳಿ ಹೊಗೆಯ ದಾರಿ. ನಿಧಾನವಾಗಿ ತಿರುಗುವ ಇಂಜಿನ್ನಿನಲ್ಲಿ ಒತ್ತಿದ ಗಾಳಿಗೆ ಪಿಸ್ಟನ್ನಿನ ಸುತ್ತಲಿನ ರಿಂಗುಗಳ ಸಂದಿಯಿಂದ ಸೋರಲು, ಸಿಲಿಂಡರಿನ ತಣ್ಣನೆಯ ಗೋಡೆಗೆ ಶಾಖ ಬಿಟ್ಟುಕೊಡಲು ಸಮಯ ಸಿಗುತ್ತದೆ. ಕರಾವಳಿಯಲ್ಲಿ ಈ ನಿಧಾನಕ್ಕೆ ಸಾಮಾನ್ಯ ಕಾರಣ ಬ್ಯಾಟರಿಯಲ್ಲ, ಬ್ಯಾಟರಿಯ ತುದಿಗಳಲ್ಲಿ ಉಪ್ಪುಗಾಳಿಗೆ ಹಿಡಿದ ಹಸಿರು ಕಿಲುಬು. ‘ಹೆಡ್‌ಲೈಟ್ ಚೆನ್ನಾಗಿಯೇ ಉರಿಯುತ್ತದಲ್ಲ’ ಎಂಬ ವಾದವನ್ನು ಓಮ್‌ನ ನಿಯಮ ಒಪ್ಪುವುದಿಲ್ಲ. ಕಿಲುಬು ಒಂದು ಓಮ್‌ನ ನೂರನೆಯ ಒಂದು ಭಾಗದಷ್ಟು ತಡೆ ಒಡ್ಡಿತೆಂದುಕೊಳ್ಳೋಣ. ಎಂಟು ಆಂಪಿಯರ್ ಎಳೆಯುವ ದೀಪಗಳಿಗೆ ಅದರಿಂದಾಗುವ ನಷ್ಟ 0.08 ವೋಲ್ಟ್, ಕಣ್ಣಿಗೆ ಕಾಣುವುದೇ ಇಲ್ಲ. ಇನ್ನೂರು ಆಂಪಿಯರ್ ಕೇಳುವ ಸೆಲ್ಫ್ ಮೋಟಾರಿಗಾದರೋ ಅದೇ ಕಿಲುಬು 2 ವೋಲ್ಟ್ ನುಂಗುತ್ತದೆ, ಮತ್ತು ಹನ್ನೆರಡರಲ್ಲಿ ಎರಡು ಹೋದರೆ ಉಳಿಯುವ ಬಲ ಪಿಸ್ಟನ್ನನ್ನು ತಳ್ಳಲು ಒದ್ದಾಡುತ್ತದೆ. ಇಂಜಿನ್ನಿನ ಮೈಗೆ ಬಿಗಿದ ಅರ್ತ್ ತಂತಿಯ ಬುಡವನ್ನೂ ಮರೆಯದೆ ಉಜ್ಜಬೇಕು; ಕೆಸರಿನೊಳಗೆ ಅಡಗಿರುವ ಆ ಬೋಲ್ಟನ್ನು ಯಾರೂ ನೋಡುವುದಿಲ್ಲ.

ಹಳೆಯ ಡೀಸೆಲ್ ಇಂಜಿನ್ನಿಗೆ ಒಮ್ಮೆ ಹೊತ್ತಿಕೊಂಡ ಮೇಲೆ ವಿದ್ಯುತ್ತಿನ ಹಂಗಿಲ್ಲ. ಅದಕ್ಕೇ ನಮ್ಮ ಕಡೆ ಎತ್ತರದ ಬೆಟ್ಟುಗದ್ದೆಯವರು ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸುತ್ತಾರೆ. ಎದುರಿಗೆ ಯಾರೂ ಇಲ್ಲದ ತೆರಪಾದ ಜಾಗವಿದ್ದರೆ ಇಳಿಜಾರೇ ಒಂದು ಪರೀಕ್ಷೆ: ಗೇರಿನಲ್ಲಿ ಉರುಳಿಸಿದೊಡನೆ ಇಂಜಿನ್ ಹಿಡಿದರೆ ದೋಷ ಬ್ಯಾಟರಿ, ತಂತಿ, ಸೆಲ್ಫ್ ಇವುಗಳಲ್ಲಿದೆ. ಉರುಳಿಸಿದರೂ ಬರೀ ಬಿಳಿ ಹೊಗೆ ಕಾರಿದರೆ ಕಂಪ್ರೆಷನ್ನನ್ನು, ಅಂದರೆ ಗಾಳಿ ಸೋರದೆ ಒತ್ತಲ್ಪಡುತ್ತಿದೆಯೇ ಎಂಬುದನ್ನು ಶಂಕಿಸಬೇಕು. ರಾತ್ರಿಯೂ ಅಪರೂಪಕ್ಕಷ್ಟೇ 20 ಡಿಗ್ರಿಗಿಂತ ಕೆಳಗಿಳಿಯುವ ಊರಿನಲ್ಲಿ ‘ಚಳಿಗೆ ಸ್ಟಾರ್ಟ್ ಆಗುತ್ತಿಲ್ಲ’ ಎಂಬುದು ನೆಪ. ರಿಂಗು ಸವೆದಿರುತ್ತದೆ ಅಥವಾ ವಾಲ್ವ್ ಸರಿಯಾಗಿ ಕೂರುತ್ತಿರುವುದಿಲ್ಲ.

ಹೊಗೆಯೇ ಇಲ್ಲದ ದಾರಿ ನಮ್ಮ ಮಳೆನಾಡಿಗೆ ಹೆಚ್ಚು ಹತ್ತಿರದ್ದು. ಇಲ್ಲಿ ಮೊದಲು ನೋಡಬೇಕಾದದ್ದು ನಗೆ ತರಿಸುವಷ್ಟು ಸಣ್ಣದು. ಹಳೆಯ ಟ್ರ್ಯಾಕ್ಟರನ್ನು ನಿಲ್ಲಿಸುವುದು ಕೀಲಿಯಲ್ಲ, ಪಂಪಿನಲ್ಲಿ ಡೀಸೆಲ್ ತಡೆಯುವ ಎಳೆಗುಂಡಿ. ನಾಲ್ಕು ತಿಂಗಳ ತೇವಕ್ಕೆ ಅದರ ಕೇಬಲ್ ತುಕ್ಕು ಹಿಡಿದು ಎಳೆದ ಸ್ಥಿತಿಯಲ್ಲೇ ಸಿಕ್ಕಿಬಿದ್ದಿದ್ದರೆ ಬ್ಯಾಟರಿ ಬರಿದಾಗುವವರೆಗೆ ಸೆಲ್ಫ್ ಕೊಟ್ಟರೂ ಒಂದು ಹನಿ ಡೀಸೆಲ್ ಮುಂದೆ ಹೋಗದು.

ಆಮೇಲಿನದು ಮೆಕ್ಯಾನಿಕ್ಕುಗಳು ‘ಏರ್ ಹಿಡಿದಿದೆ’ ಎನ್ನುವ ಸ್ಥಿತಿ. ನಾಜಲ್ ತೆರೆದುಕೊಳ್ಳಲು ಹೊರಗಿನ ವಾಯು ಒತ್ತಡದ ಸುಮಾರು 200 ಪಟ್ಟು ಒತ್ತಡ ಬೇಕು, ಆದರೆ ಪಂಪ್ ಒಂದು ಹೊಡೆತಕ್ಕೆ ತಳ್ಳುವ ಡೀಸೆಲ್ ಒಂದು ದಪ್ಪ ಮಳೆಹನಿಗಿಂತ ಹೆಚ್ಚಿಲ್ಲ. ದ್ರವ ಬಹುತೇಕ ಕುಗ್ಗದ ವಸ್ತುವಾದ್ದರಿಂದ ಆ ಸಣ್ಣ ತಳ್ಳುವಿಕೆಯೂ ಪೈಪಿನ ಇನ್ನೊಂದು ತುದಿಗೆ ಮುಟ್ಟುತ್ತದೆ. ನಡುವೆ ಗಾಳಿಗುಳ್ಳೆಯೊಂದು ಕುಳಿತರೆ ಪಂಪಿನ ಹೊಡೆತವೆಲ್ಲ ಗುಳ್ಳೆಯನ್ನು ಅದುಮುವುದರಲ್ಲೇ ಮುಗಿಯುತ್ತದೆ. ಫಿಲ್ಟರಿನ ಮೇಲಿನ ಏರ್ ಸ್ಕ್ರೂವನ್ನು ಸಡಿಲಿಸಿ ಕೈಪಂಪ್ ಒತ್ತಿದರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಬೆರೆತ ಡೀಸೆಲ್, ಕೊನೆಗೆ ತಿಳಿಯಾದ ಅಖಂಡ ಧಾರೆ. ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಪಂಪಿನಿಂದ ನಾಜಲ್‌ಗೆ ಹೋಗುವ ಇಂಜೆಕ್ಟರ್ ಪೈಪಿನ ನಟ್ಟುಗಳನ್ನೂ ಒಂದೊಂದಾಗಿ ಹೀಗೆಯೇ ಸಡಿಲಿಸಿ, ಸೆಲ್ಫ್ ಕೊಟ್ಟು ಗಾಳಿ ತೆಗೆಯಬೇಕಾಗುತ್ತದೆ. ಆ ಕೆಲಸದಲ್ಲಿ ಸಿಡಿಯುವ ಡೀಸೆಲ್‌ಗೆ ಕೈ ಅಡ್ಡ ಹಿಡಿಯಲೇಬಾರದು. ಅಷ್ಟು ಒತ್ತಡದ ಎಳೆ ಚರ್ಮವನ್ನು ಹೊಕ್ಕುಬಿಡುತ್ತದೆ, ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕಳೆದ ಬಾರಿ ಏರ್ ತೆಗೆಯುವಾಗ ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಜಗಲಿಯ ಮೇಲಿಟ್ಟೆ. ಕಾಲು ಗಂಟೆಯಲ್ಲಿ ತಳದಲ್ಲಿ ಎರಡು ಬೆರಳು ನೀರು ನಿಂತಿತು, ನೀರಿಗೂ ಡೀಸೆಲ್‌ಗೂ ನಡುವೆ ಕಂದು ಬಣ್ಣದ ಲೋಳೆಯ ಪದರ. ಡೀಸೆಲ್ ಹಗುರ, ನೀರು ಭಾರ. ಅವೆರಡರ ಗಡಿಯಲ್ಲಿ ಡೀಸೆಲನ್ನೇ ತಿಂದು ಬೆಳೆಯುವ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಇವೆ. ಫಿಲ್ಟರನ್ನು ಕಟ್ಟುವುದು ಆ ಲೋಳೆ, ನಾಜಲ್‌ನ ನಯವಾದ ಸೂಜಿಗೆ ತುಕ್ಕು ಹಿಡಿಸುವುದು ಆ ನೀರು.

‘ಟ್ಯಾಂಕ್ ಒಳಗೇ ಬೆವರುತ್ತದೆ’ ಎಂಬುದು ಊರಿನ ವಿವರಣೆ. ನಾನು ಲೆಕ್ಕ ಹಾಕಿ ನೋಡಿದೆ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ 30 ಲೀಟರ್ ತೇವಭರಿತ ಗಾಳಿ ಇದೆಯೆಂದೂ ರಾತ್ರಿ ಅದು 30ರಿಂದ 24 ಡಿಗ್ರಿಗೆ ಇಳಿಯುತ್ತದೆಂದೂ ಇಟ್ಟುಕೊಂಡರೆ, ಹನಿಗಟ್ಟುವ ನೀರು ಕಾಲು ಗ್ರಾಮಿನಷ್ಟು. ದಿನವೂ ಹೊಸ ಗಾಳಿ ತುಂಬಿ 120 ರಾತ್ರಿ ಹೀಗೆಯೇ ನಡೆದರೂ 30 ಗ್ರಾಮ್. ನನ್ನ ಬಾಟಲಿಯಲ್ಲಿದ್ದದ್ದೇ ಅದಕ್ಕಿಂತ ಹೆಚ್ಚು. ಮೇಲೆ ನೋಡಿದರೆ ತಗಡಿನಲ್ಲಿ ಒಂದು ಮೊಳೆತೂತು, ಅದರ ನೇರ ಕೆಳಗೆ ಟ್ಯಾಂಕಿನ ಮುಚ್ಚಳ, ಮುಚ್ಚಳದ ವಾಷರ್ ಬಿರಿದಿತ್ತು. ಸೈಕಲ್ ಟ್ಯೂಬಿನಿಂದ ಉರುಟಾಗಿ ಕತ್ತರಿಸಿ ಹಾಕಿದ ವಾಷರ್ ಒಂದು ವಾರದಲ್ಲಿ ಡೀಸೆಲ್ ಹೀರಿ ಉಬ್ಬಿ, ಹಪ್ಪಳದಂತೆ ಅಂಚು ಸುರುಟಿ ಹೊರಬಂತು. ಈಗ ಅಲ್ಲಿ ಡೀಸೆಲ್‌ಗೆ ಜಗ್ಗದ ನೈಟ್ರೈಲ್ ರಬ್ಬರಿನ ವಾಷರ್ ಇದೆ, ಮೊಳೆತೂತಿಗೆ ಡಾಂಬರು ಮೆತ್ತಿದ್ದೇನೆ.