ಫೋಮ್ ಅಂಟಿಸುವ ಮುಂಚೆ ಸ್ವಿಚ್‌ಬೋರ್ಡ್ ಬಿಚ್ಚಿಸಿ
ವಿಜಯನಗರದ ಒಂದು ಅಪಾರ್ಟ್‌ಮೆಂಟ್. ಮಲಗುವ ಕೋಣೆಯ ಒಂದು ಗೋಡೆಗೆ ಪೂರ್ತಿ ಕಪ್ಪು ಫೋಮ್, ಮೊಟ್ಟೆ ಟ್ರೇಯಂಥ ಉಬ್ಬುತಗ್ಗಿನದು. ಆನ್‌ಲೈನ್‌ನಲ್ಲಿ ತರಿಸಿ, ರಜೆ ಹಾಕಿ ಗಂಡಹೆಂಡತಿ ಇಬ್ಬರೂ ಅಂಟಿಸಿದ್ದರು. ಪಕ್ಕದ ಮನೆಯ ಟಿವಿ ಮಾತ್ರ ಮೊದಲಿನಷ್ಟೇ ಕೇಳುತ್ತಿತ್ತು. "ಇನ್ನೊಂದು ಪದರ ಹಾಕೋಣ್ವಾ ಸರ್?" ಅಂದರು, ಸಲಹೆಗೆಂದು ನನ್ನನ್ನು ಕರೆಸಿದ್ದ ಆಕೆ. ನಿದ್ದೆಗೆಟ್ಟ ಆ ಮುಖ ನೋಡಿ ಸಂಕಟವಾಯಿತು.

ಎಷ್ಟು ಸಲ ಹೇಳಿದ್ದೇನೋ: ಫೋಮ್ ಸದ್ದನ್ನು ತಡೆಯುವುದಿಲ್ಲ. ನಿಮ್ಮ ಕೋಣೆಯೊಳಗಿನ ಸದ್ದು ಗೋಡೆಗೆ ಬಡಿದು ಮಾರ್ದನಿಯಾಗುತ್ತದಲ್ಲ, ಅದನ್ನು ಹೀರುತ್ತದೆ, ಅಷ್ಟೇ. ಸ್ಟುಡಿಯೋದಲ್ಲಿ ಹಾಕುವುದೂ ಅದಕ್ಕೇ. ಒಂದು ತುಂಡು ಫೋಮ್ ತುಟಿಗೊತ್ತಿ ಊದಿ ನೋಡಿ. ಉಸಿರು ಆಚೆ ಬದಿಯ ಅಂಗೈಗೆ ತಾಗುತ್ತದೆ. ಗಾಳಿ ದಾಟುವಲ್ಲಿ ಸದ್ದೂ ದಾಟುತ್ತದೆ. ತೂಕ ಲೆಕ್ಕ ಹಾಕಿ: ಎರಡೂ ಕಡೆ ಗಾರೆಯಾದ ನಾಲ್ಕಿಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ ಹೆಚ್ಚೂಕಡಿಮೆ 230 ಕೆಜಿ, ಎರಡಿಂಚಿನ ಫೋಮ್ ಒಂದೂವರೆ ಕೆಜಿ. ಗೋಡೆಯ ತೂಕ ಇಮ್ಮಡಿಯಾದರೆ ದಾಟುವ ಸದ್ದು ಇಳಿಯುವುದು 5-6 ಡೆಸಿಬಲ್ (ಸದ್ದಿನ ಅಳತೆ). ಒಂದೂವರೆ ಕೆಜಿ ಸೇರಿಸಿದರೆ ಏನಾದೀತು? ಸಾಲದ್ದಕ್ಕೆ, ಸಾಮಾನ್ಯ ಪಾಲಿಯುರೆಥೇನ್ ಫೋಮ್‌ಗೆ ಬೆಂಕಿ ತಗುಲಿದರೆ ಭರ್ರನೆ ಉರಿದು ವಿಷದ ಹೊಗೆ ಬಿಡುತ್ತದೆ. ಮಲಗುವಾಗ ತಲೆ ಹತ್ತಿರ ಅದು ಬೇಡವೇ ಬೇಡ.

ಮೈನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಲಿ ಮಂಚದ ಪಕ್ಕದ ಸ್ವಿಚ್‌ಬೋರ್ಡ್ ಬಿಚ್ಚಿಸಿದೆ. ಆಚೆ ಮನೆಯ ಬೋರ್ಡೂ ಅದೇ ಜಾಗದಲ್ಲಿ, ಬೆನ್ನಿಗೆ ಬೆನ್ನು. ನಾಲ್ಕಿಂಚಿನಲ್ಲಿ ಎರಡು ಬಾಕ್ಸ್ ಕೂತರೆ ನಡುವೆ ಏನು ಉಳಿಯುತ್ತದೆ? ಬಾಕ್ಸಿಗೆ ಕಿವಿಯಿಟ್ಟರೆ ಧಾರಾವಾಹಿಯ ಮಾತು ಬಿಡಿಬಿಡಿಯಾಗಿ ಕೇಳಿತು. ಗೋಡೆಯಲ್ಲಿ ನೂರಕ್ಕೊಂದು ಪಾಲು ಜಾಗ ತೆರೆದಿದ್ದರೂ ಸಾಕು, ಮಿಕ್ಕಿದ್ದು ಎಷ್ಟೇ ದಪ್ಪವಿರಲಿ, ಒಟ್ಟು ತಡೆ 20 ಡೆಸಿಬಲ್ ಮೀರದು. ನಮ್ಮ ಕಡೆಯ ಬಾಕ್ಸ್ ಬೇರೆಡೆಗೆ ಸರಿಸಿ, ಹಳೇ ಗುಂಡಿಗೆ ಗಾರೆ ತುಂಬಿಸಿ, ಬೀಮ್ ಕೆಳಗಿನ ಸಂದನ್ನೂ ಮುಚ್ಚಿಸಿದೆವು. ಮಾತು ಗುಜುಗುಜು ಮಟ್ಟಕ್ಕೆ ಇಳಿಯಿತು.

ಅಷ್ಟಕ್ಕೂ ಮುಗಿಯದಿದ್ದರೆ ಗೋಡೆಗೆ ತಾಗದಂತೆ ಒಂದಿಂಚು ಬಿಟ್ಟು ಸ್ಟೀಲ್ ಫ್ರೇಮ್, ಒಳಗೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಮೇಲೆ ಎರಡು ಪದರ ಜಿಪ್ಸಮ್ ಬೋರ್ಡ್, ಅಂಚಿಗೆಲ್ಲ ಸೀಲೆಂಟ್. ಕೋಣೆ ನಾಲ್ಕೈದು ಇಂಚು ಕಿರಿದಾಗುತ್ತದೆ. ಕೆಲಸದವರು ಬಿಗಿಯಾಗಿರಲಿ ಅಂತ ಫ್ರೇಮನ್ನು ಹಳೇ ಗೋಡೆಗೇ ಸ್ಕ್ರೂ ಹೊಡೆದುಬಿಡುತ್ತಾರೆ. ಗೋಡೆಯ ಕಂಪನ ಆ ಸ್ಕ್ರೂ ಹಿಡಿದೇ ಬರುತ್ತದೆ. ಖುದ್ದು ನಿಂತು ನೋಡಿ. ಎಷ್ಟು ಡೆಸಿಬಲ್ ಇಳಿಯುತ್ತದೆಂದು ಗೋಡೆ ನೋಡದೆ ನಾನಂತೂ ಹೇಳುವುದಿಲ್ಲ. ಸದ್ದು ಸ್ಲ್ಯಾಬ್ ಹಿಡಿದೂ ಬರುತ್ತದೆ, ಕಿಟಕಿ ಬಳಸಿಯೂ ಬರುತ್ತದೆ.

ಆ ಮನೆಯಲ್ಲೂ ಒಂದು ಗುಂಯ್ ಉಳಿದಿತ್ತು. ಈ ಮನೆಯಾಕೆಯ ಜೊತೆ ಪಕ್ಕದ ಮನೆಗೆ ಹೋಗಿ ನೋಡಿದರೆ ಟಿವಿಯ ಬ್ರ್ಯಾಕೆಟ್ ಇದೇ ಗೋಡೆಗೆ ಬಿಗಿದಿದೆ. ಅಲ್ಲಿದ್ದ ಅಜ್ಜಿಗೆ ಕಿವಿ ಮಂದ. ವಿಷಯ ತಿಳಿದು, "ಅಯ್ಯೋ, ಮೊದಲೇ ಹೇಳಬಾರದಿತ್ತೇನಮ್ಮಾ" ಎಂದು ಆಕೆಯ ಕೈ ಹಿಡಿದುಕೊಂಡರು. ಅದೇ ಭಾನುವಾರ ಅಜ್ಜಿಯ ಮಗ ಟಿವಿಯನ್ನು ಎದುರು ಗೋಡೆಗೆ ಹಾಕಿಸಿದರು.