ಮೈಲೇಜ್‌ಗಾಗಿ ಹುಟ್ಟಿದ ಕಾರು ತಿರುವಿನಲ್ಲಿ ಹಿಡಿತ ಸಾಧಿಸಿದ ಬಗೆ

ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟರೂ ಇರುವ ಹೈಬ್ರಿಡ್ ಕಾರು ರೂಪುಗೊಂಡದ್ದು ಇಂಧನ ಉಳಿಸುವುದಕ್ಕಾಗಿ. ಓಡಿಸುವವರ ಖುಷಿ ಅದರ ಮೂಲ ಉದ್ದೇಶಗಳಲ್ಲಿ ಇರಲಿಲ್ಲ. 1990ರ ದಶಕದಲ್ಲಿ ಟೊಯೋಟಾದ ಮುಖ್ಯ ಎಂಜಿನಿಯರ್ ತಾಕೇಶಿ ಉಚಿಯಮಾಡ ಅವರ ತಂಡದ ಮುಂದಿದ್ದ ಗುರಿ, ಅದೇ ಗಾತ್ರದ ಅಂದಿನ ಕಾರುಗಳಿಗಿಂತ ಎರಡು ಪಟ್ಟು ಮೈಲೇಜ್. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಆ ತಂಡದ ಹೈಬ್ರಿಡ್ ಕಾರು ಪ್ರಿಯಸ್, ಅಲ್ಲಿನ ಅಧಿಕೃತ ಪರೀಕ್ಷೆಯಲ್ಲಿ ಲೀಟರಿಗೆ 28 ಕಿ.ಮೀ. ಓಡಿತು. ಆದರೆ ಅದಕ್ಕಾಗಿ ಮಾಡಿದ ಒಂದೊಂದು ಆಯ್ಕೆಯೂ ಸ್ಟೀರಿಂಗ್ ಹಿಡಿದವರಿಂದ ಏನನ್ನಾದರೂ ಕಸಿದುಕೊಂಡಿತ್ತು.

ಅದರ ಅಟ್ಕಿನ್ಸನ್ ಸೈಕಲ್ ಎಂಜಿನ್‌ನಲ್ಲಿ ಗಾಳಿ ಒಳಬರುವ ವಾಲ್ವ್ ತಡವಾಗಿ ಮುಚ್ಚುತ್ತದೆ. ಇದರಿಂದ ಇಂಧನ ಉಳಿಯುತ್ತದೆ, ಎಂಜಿನ್ನಿನ ಎಳೆತದ ಬಲ ಕುಗ್ಗುತ್ತದೆ. ಆ ಕೊರತೆಯನ್ನು ವಿದ್ಯುತ್ ಮೋಟರ್ ತುಂಬಬೇಕು. ಗೊತ್ತಾದ ಗೇರುಗಳ ಬದಲು ಎಂಜಿನ್ ಮತ್ತು ಮೋಟರುಗಳನ್ನು ಬೆಸೆಯುವ ಗ್ರಹಚಕ್ರ ಗೇರ್ ವ್ಯವಸ್ಥೆ ಇದ್ದುದರಿಂದ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಮೊದಲು ಏರುತ್ತಿತ್ತು, ವೇಗ ಆಮೇಲೆ ಬರುತ್ತಿತ್ತು. ಬ್ಯಾಟರಿ ಮತ್ತು ಮೋಟರ್ ಸೇರಿ ತೂಕ ಹೆಚ್ಚಿತು. ತೂಕ ಹೆಚ್ಚಿದ ಕಾರು ತಿರುವಿನಲ್ಲಿ ವಾಲದಂತೆ ಮಾಡಲು ಸ್ಪ್ರಿಂಗ್ ಬಿಗಿ ಮಾಡುವುದು ಸುಲಭದ ದಾರಿ, ಬಿಗಿ ಸ್ಪ್ರಿಂಗ್ ಎಂದರೆ ಕುಲುಕಾಟ. ಇದಕ್ಕೆ ಟೈರೂ ಕೈಜೋಡಿಸುತ್ತದೆ. ಟೈರ್ ಉರುಳುವಾಗ ರಬ್ಬರ್ ಮಡಚಿ ಬಿಚ್ಚಿಕೊಳ್ಳುತ್ತಾ ಬಿಸಿಯಾಗುತ್ತದೆ. ಆ ಬಿಸಿಯೆಲ್ಲ ವ್ಯರ್ಥವಾದ ಇಂಧನವೇ. ಅದನ್ನು ತಗ್ಗಿಸಲು ಕಿರಿದಾದ ಟೈರ್ ಹಾಕಿ ಗಾಳಿಯ ಒತ್ತಡ ಹೆಚ್ಚಿಸಿದರೆ ಮೈಲೇಜ್ ಏರುತ್ತದೆ, ರಸ್ತೆಯ ಸಣ್ಣ ಉಬ್ಬುತಗ್ಗುಗಳೂ ಸೀಟಿನವರೆಗೆ ಬರುತ್ತವೆ, ತಿರುವಿನ ಹಿಡಿತ ಸಡಿಲವಾಗುತ್ತದೆ.

1999ರಲ್ಲಿ ಬಂದ ಹೋಂಡಾ ಇನ್‌ಸೈಟ್ ಈ ಗಂಟನ್ನು ತೂಕದ ಕಡೆಯಿಂದ ಬಿಡಿಸಲು ನೋಡಿತು. ಅಲ್ಯುಮಿನಿಯಂ ಮೈ, ಎರಡೇ ಸೀಟು, ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್. ಒಟ್ಟು ತೂಕ 850 ಕೆ.ಜಿ.ಯ ಆಸುಪಾಸು. ಹಗುರವಾದ ಕಾರು ಮೈಲೇಜ್, ಹಿಡಿತ, ಸವಾರಿಯ ಸುಖ ಎಂಬ ಮೂರೂ ಬೇಡಿಕೆಗಳಿಗೆ ಒಮ್ಮೆಗೇ ಒಳ್ಳೆಯದು ಎಂಬ ಪಾಠ ಅದರಲ್ಲಿ ಸ್ಪಷ್ಟವಾಗಿತ್ತು, ಆದರೆ ಎರಡು ಸೀಟಿನ ಕಾರು ಹೆಚ್ಚು ಕುಟುಂಬಗಳಿಗೆ ಒದಗುವಂಥದ್ದಾಗಿರಲಿಲ್ಲ.

ಅದೇ ಕಂಪನಿ ಮುಂದೆ ಹಿಡಿದದ್ದು ಬೇರೆ ದಾರಿ. 2005ರ ಮಾದರಿಯಾಗಿ ಅಮೆರಿಕದಲ್ಲಿ ಬಂದ ಅಕಾರ್ಡ್ ಹೈಬ್ರಿಡ್‌ನಲ್ಲಿ ಮೂರು ಲೀಟರಿನ, ಆರು ಸಿಲಿಂಡರಿನ ವಿ6 ಎಂಜಿನ್‌ಗೆ ಮೋಟರ್ ಜೋಡಿಸಿ 255 ಅಶ್ವಶಕ್ತಿ ಪಡೆಯಲಾಯಿತು. ಸ್ಪೋರ್ಟಿ ಎಂದರೆ ಶಕ್ತಿ ಎಂಬ ಈ ತಿಳಿವಳಿಕೆಗೆ ಗ್ರಾಹಕರು ಒಲಿಯಲಿಲ್ಲ, 2007ಕ್ಕೆ ಅದು ನಿಂತಿತು. ಹೋಂಡಾದ್ದೇ ಆದ 2010ರ ಹೈಬ್ರಿಡ್ ಸಿಆರ್-ಝಡ್ ಆರು ಗೇರಿನ ಮ್ಯಾನುಯಲ್ ಮತ್ತು ಚುರುಕು ಸ್ಟೀರಿಂಗ್ ಕೊಟ್ಟಿತು, ಜಪಾನಿನ ವರ್ಷದ ಕಾರು ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಕೇವಲ 10 ಕಿಲೋವ್ಯಾಟಿನ ಅದರ ಮೋಟರ್ ವೇಗಕ್ಕೂ ಸಾಲಲಿಲ್ಲ, ಉಳಿತಾಯಕ್ಕೂ ಸಾಲಲಿಲ್ಲ.

ಈ ಚರ್ಚೆಗಳಲ್ಲಿ ಬ್ರೇಕ್ ಪೆಡಲಿಗೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ. ಹೈಬ್ರಿಡ್‌ನಲ್ಲಿ ವೇಗ ತಗ್ಗಿಸುವ ಕೆಲಸವನ್ನು ಮೊದಲು ಮೋಟರ್ ಜನರೇಟರ್ ಆಗಿ ತಿರುಗಿ ಮಾಡುತ್ತದೆ, ಉಳಿದದ್ದನ್ನು ಸಾಮಾನ್ಯ ಬ್ರೇಕ್ ಮಾಡುತ್ತದೆ. ಕಾರು ನಿಲ್ಲುವ ಹೊತ್ತಿಗೆ ಕೆಲಸ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಆ ದಾಟುವಿಕೆ ನಯವಾಗಿರದಿದ್ದರೆ ಕಾಲಿಗೆ ಕೂಡಲೇ ತಿಳಿಯುತ್ತದೆ, ತಿರುವಿನ ಮುಂಚೆ ವೇಗವನ್ನು ಅಳೆದು ಇಳಿಸಬೇಕಾದ ಚಾಲಕರಿಗೆ ಕಾರಿನ ಮೇಲಿನ ನಂಬಿಕೆಯೇ ಅಲುಗುತ್ತದೆ. 2010ರ ಫೆಬ್ರವರಿಯಲ್ಲಿ ಟೊಯೋಟಾ ನಾಲ್ಕು ಲಕ್ಷಕ್ಕೂ ಹೆಚ್ಚು ಹೈಬ್ರಿಡ್ ಕಾರುಗಳನ್ನು ಹಿಂದಕ್ಕೆ ಕರೆಸಿದ್ದು ಇಂಥದೇ ಕಾರಣಕ್ಕೆ: ಉಬ್ಬುತಗ್ಗಿನ ಅಥವಾ ಜಾರುವ ರಸ್ತೆಯಲ್ಲಿ, ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಕೆಲಸಕ್ಕೆ ಬಂದಾಗ ಬ್ರೇಕ್ ಕ್ಷಣಕಾಲ ಕೈಬಿಟ್ಟಂತೆ ಅನ್ನಿಸುತ್ತಿತ್ತು. ಪರಿಹಾರ ಸಿಕ್ಕಿದ್ದು ಸಾಫ್ಟ್‌ವೇರ್ ಬದಲಾವಣೆಯಲ್ಲಿ.

ನಿಜವಾದ ತಿರುವು 2015ರಲ್ಲಿ ಬಂತು ಎಂದು ನಾನು ಭಾವಿಸುತ್ತೇನೆ. ನಾಲ್ಕನೇ ಪೀಳಿಗೆಯ ಪ್ರಿಯಸ್‌ಗಾಗಿ ಟೊಯೋಟಾ ಹೊಸ ಪ್ಲಾಟ್‌ಫಾರ್ಮ್, ಅಂದರೆ ಕಾರಿನ ತಳದ ಚೌಕಟ್ಟು, ಕಟ್ಟಿತು. ಬ್ಯಾಟರಿ ಹಿಂದಿನ ಸೀಟಿನ ಕೆಳಗೆ ಹೋಗಿ ಗುರುತ್ವ ಕೇಂದ್ರ ತಗ್ಗಿತು. ಹಿಂದಿನ ಎರಡು ಚಕ್ರಗಳನ್ನು ಒಂದಕ್ಕೊಂದು ಬಿಗಿಯುತ್ತಿದ್ದ ಟಾರ್ಷನ್ ಬೀಮ್ ಎಂಬ ತೊಲೆಯ ಬದಲು ಪ್ರತಿ ಚಕ್ರವನ್ನೂ ಬೇರೆಬೇರೆಯಾಗಿ ಹಿಡಿಯುವ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಬಂತು. ಇಲ್ಲಿ ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದು ತನ್ನ ಪಾಡಿಗೆ ರಸ್ತೆ ಹಿಡಿದಿರುತ್ತದೆ. ಭಾರ ಕೆಳಗಿದ್ದರೆ ಕಾರು ತಾನಾಗಿಯೇ ಕಡಿಮೆ ವಾಲುತ್ತದೆ, ಹಾಗಾಗಿ ಸ್ಪ್ರಿಂಗನ್ನು ಅಷ್ಟು ಬಿಗಿ ಮಾಡಬೇಕಾಗಿಲ್ಲ. ಹಿಡಿತ ಮತ್ತು ಸುಖ ಎರಡೂ ಒಟ್ಟಿಗೆ ಸುಧಾರಿಸುವುದು ಹೀಗೆ. ಎಂಜಿನ್ನಿನ ಉಷ್ಣ ದಕ್ಷತೆಯೂ (ಇಂಧನದ ಶಕ್ತಿಯಲ್ಲಿ ಕೆಲಸಕ್ಕೆ ಬರುವ ಪಾಲು) ಶೇ 40ಕ್ಕೆ ಮುಟ್ಟಿದ್ದರಿಂದ ಮೈಲೇಜಿಗೆ ಪೆಟ್ಟು ಬೀಳಲಿಲ್ಲ.

ಮೋಟರ್ ಕೂಡ ಸವಾರಿಯ ಸುಖಕ್ಕೆ ದುಡಿಯಬಲ್ಲದು ಎಂಬುದು ಇದೇ ಅವಧಿಯ ಇನ್ನೊಂದು ತಿಳಿವಳಿಕೆ. ಎಂಜಿನ್ನಿಗಿಂತ ಎಷ್ಟೋ ಪಟ್ಟು ಬೇಗ ಸ್ಪಂದಿಸುವ ಅದರ ಎಳೆತವನ್ನು ಚೂರು ಹೆಚ್ಚುಕಡಿಮೆ ಮಾಡಿದರೆ, ಉಬ್ಬು ದಾಟುವಾಗ ಕಾರಿನ ಮೂತಿ ಮೇಲೆದ್ದು ಕುಸಿಯುವುದನ್ನು ತಗ್ಗಿಸಬಹುದು. ಹೊಸ ಬಿಡಿಭಾಗ ಬೇಕಿಲ್ಲದ, ತೂಕ ಸೇರಿಸದ ಈ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು.

ಹಾಗಿದ್ದೂ ಗಳಿಸಿದ್ದನ್ನು ಚಕ್ರದ ಆಯ್ಕೆಯಲ್ಲಿ ಕಳೆದುಕೊಳ್ಳುವುದು ಇಂದಿಗೂ ನಡೆದಿದೆ. 2022ರ ಕೊನೆಯಲ್ಲಿ ಅನಾವರಣಗೊಂಡ ಐದನೇ ಪೀಳಿಗೆಯ ಪ್ರಿಯಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಅಧಿಕೃತ ಅಂಕಿಗಳಲ್ಲಿ, ಮುಂಚಕ್ರ ಚಾಲನೆಯ 17 ಇಂಚು ಚಕ್ರದ ಮೂಲ ಆವೃತ್ತಿ ಗ್ಯಾಲನ್ನಿಗೆ 57 ಮೈಲಿ, ಅಂದರೆ ಲೀಟರಿಗೆ ಸುಮಾರು 24 ಕಿ.ಮೀ. ಕೊಡುತ್ತದೆ, 19 ಇಂಚು ಚಕ್ರದ ದುಬಾರಿ ಆವೃತ್ತಿಗಳು 52 ಮೈಲಿ, ಲೀಟರಿಗೆ ಸುಮಾರು 22 ಕಿ.ಮೀ. ಹೆಚ್ಚುವರಿ ಸೌಲಭ್ಯಗಳ ತೂಕಕ್ಕೂ ಇದರಲ್ಲಿ ಪಾಲಿದೆ. ಟೈರಿನ ಅಗಲ ಎರಡರಲ್ಲೂ 195 ಮಿ.ಮೀ.; ಆದರೆ ರಿಮ್ ಮತ್ತು ರಸ್ತೆಯ ನಡುವಿನ ರಬ್ಬರಿನ ಎತ್ತರ ಸುಮಾರು 117 ಮಿ.ಮೀ.ನಿಂದ 97 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಯ ಏಟನ್ನು ಮೊದಲು ನುಂಗುವುದು ಇದೇ ರಬ್ಬರ್.

2025ರಲ್ಲಿ ಮರಳಿ ಬಂದ ಹೋಂಡಾ ಪ್ರಿಲ್ಯೂಡ್, ಅದೇ ಕಂಪನಿಯ ಸ್ಪೋರ್ಟಿ ಕಾರಾದ ಸಿವಿಕ್ ಟೈಪ್ ಆರ್‌ನ ಸಸ್ಪೆನ್ಷನ್ ಭಾಗಗಳನ್ನು ಹೈಬ್ರಿಡ್‌ಗೆ ತಂದಿದೆ. ಗೇರ್ ಬದಲಾದ ಅನುಭವ ಕೊಡುವ ಕೃತಕ ವ್ಯವಸ್ಥೆಯನ್ನೂ ಸೇರಿಸಿದೆ. ಇವೆರಡರಲ್ಲಿ ಸಸ್ಪೆನ್ಷನ್ನಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಹೈಬ್ರಿಡ್ ಕೊಳ್ಳಲು ಹೊರಟವರು ಚಿಕ್ಕ ಚಕ್ರದ ಆವೃತ್ತಿಯನ್ನೂ ಕೇಳಿ ಪಡೆದು, ಕೆಟ್ಟ ರಸ್ತೆಯಲ್ಲಿ ಓಡಿಸಿ, ನಿಧಾನ ವೇಗದಿಂದ ಮೆಲ್ಲಗೆ ಬ್ರೇಕ್ ಒತ್ತಿ ಕಾರು ಪೂರ್ತಿ ನಿಲ್ಲುವವರೆಗೂ ಪೆಡಲಿನ ಮೇಲೆ ಗಮನವಿಡಬೇಕು.